ಮೊದಲು ಮುಖ, ಆಮೇಲೆ ನಾಯಿ

ನನ್ನ ಎಡಗಾಲಿಗೆ ಕಿರುಬೆರಳಿಲ್ಲ. ಅದು ಹೋದದ್ದು ಡಾಕ್ಟರ್ ಕೆಸ್ಲರ್ ಅವರ ಪ್ರಾಣಿಗಳ ಆಸ್ಪತ್ರೆಯಲ್ಲಿ, ಜನ ಕಾಯುವ ಕೋಣೆಯಲ್ಲಿ, ಒಬ್ಬ ಮುಠ್ಠಾಳನ ಧೈರ್ಯದಿಂದ. ಹನ್ನೊಂದು ವರ್ಷದ ಹಿಂದೆ ಯಾರದೋ ಬೇಟೆನಾಯಿ ಆ ಮುಠ್ಠಾಳನ ಮಗಳ ಮೊಲದ ಬುಟ್ಟಿಗೆ ಬಾಯಿ ಹಾಕಿತು. ನಾನು ನಾಯಿಯ ಕುತ್ತಿಗೆಪಟ್ಟಿ ಹಿಡಿದು ಎಳೆಯುವಷ್ಟರಲ್ಲಿ ಆತ ಸೊಂಟದಿಂದ ಪಿಸ್ತೂಲು ತೆಗೆದು ಹಾರಿಸಿಯೇಬಿಟ್ಟ. ನಾಯಿಗೆ ಏನೂ ಆಗಲಿಲ್ಲ, ಮೊಲಕ್ಕೂ ಏನೂ ಆಗಲಿಲ್ಲ. ಗುಂಡು ಸಿಮೆಂಟು ನೆಲಕ್ಕೆ ಬಡಿದು, ಪುಟಿದು, ನನ್ನ ಬೂಟಿನೊಳಗೆ ಬಂತು. ನಾನು ಹಾಸಿಗೆಯಲ್ಲಿದ್ದಾಗ ಆತ ದೊಡ್ಡ ಹೂಗುಚ್ಛ ಕಳಿಸಿದ. ಅದನ್ನು ನಮ್ಮ ಮನೆಯ ಆಡುಗಳು ತಿಂದವು.

ಮರುವಾರವೇ ಡಾಕ್ಟರ್ ಕೆಸ್ಲರ್ ಪಿಸ್ತೂಲಿನ ಚಿತ್ರದ ಮೇಲೆ ಕೆಂಪು ಗೀಟು ಎಳೆದ ಫಲಕವನ್ನು ಬಾಗಿಲಿಗೆ ಹಾಕಿದರು. ಬರುವವರಿಗೂ ಅದೇ ನಿಯಮ, ಕೆಲಸ ಮಾಡುವವರಿಗೂ ಅದೇ. ಅಮೆರಿಕದಲ್ಲಿ, ಎಲ್ಲರ ಸೊಂಟದಲ್ಲೂ ಪಿಸ್ತೂಲಿರುವ ನಮ್ಮ ಓಝಾರ್ಕ್ ಬೆಟ್ಟದ ಕಡೆ ಇಂಥ ಫಲಕ ಹಾಕುವುದೆಂದರೆ ಊರವರ ಬಾಯಿಗೆ ತಾನಾಗಿ ಹೋಗಿ ಬೀಳುವುದು. ಕೆಲವರು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಹೇಳಿ ಹೋದರು. ಹಸು ಕರು ಹಾಕಲಾರದೆ ಒದ್ದಾಡಿದ ದಿನ ಅವರೇ ಬಂದರು, ಪಿಸ್ತೂಲನ್ನು ಟ್ರಕ್ಕಿನಲ್ಲೇ ಬಿಟ್ಟು. ನನಗೆ ಬಂದೂಕಿನ ಮೇಲೆ ದ್ವೇಷವೇನಿಲ್ಲ. ನನ್ನ ಗಂಡ ಪ್ರತಿ ನವೆಂಬರಿನಲ್ಲಿ ಜಿಂಕೆ ಹೊಡೆದು ತರುತ್ತಾನೆ, ನಾನು ಅದನ್ನೇ ಬೇಯಿಸಿ ಬಡಿಸುತ್ತೇನೆ. ಆದರೆ ಸಿಮೆಂಟು ನೆಲ, ಆಮ್ಲಜನಕದ ಸಿಲಿಂಡರು, ಇಪ್ಪತ್ತು ನಾಯಿ ಇರುವ ಕಡೆ ಗುಂಡು ಹಾರಿದರೆ ಏನಾಗುತ್ತದೆ ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ್ದು ಕೊರಿನ್ ಮ್ಯಾಡಕ್ಸ್‌ಳ ವಿಷಯಕ್ಕೆ ಬರುವುದಕ್ಕೆ.

ಕೊರಿನ್ ನಮ್ಮ ಮುಂದಿನ ಮೇಜಿನಲ್ಲಿ ಕೂರುವವಳು. ಮೂವತ್ತನಾಲ್ಕು ವಯಸ್ಸು. ಬಾಗಿಲು ತೆಗೆಯುವುದು, ಚೀಟಿ ಬರೆಯುವುದು, ಫೋನು ಎತ್ತುವುದು ಅವಳ ಕೆಲಸ. ಆದರೆ ಇಲ್ಲಿ ಡಾಕ್ಟರ ಸಹಾಯಕಿಯಾಗಿ ಕಳೆದ ಮೂವತ್ತು ವರ್ಷದಲ್ಲಿ ನಾನು ನೋಡಿದವರಲ್ಲಿ ಪ್ರಾಣಿಗಳು ಅಷ್ಟು ಬೇಗ ನಂಬುತ್ತಿದ್ದದ್ದು ಅವಳನ್ನೇ. ಹಲ್ಲು ಕಿರಿಯುವ ನಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಚೀಟಿ ಬರೆಯುತ್ತಿರುತ್ತಾಳೆ, ಹತ್ತು ನಿಮಿಷಕ್ಕೆ ಆ ನಾಯಿ ಅವಳ ಮಂಡಿಯ ಮೇಲೆ ಗದ್ದ ಇಟ್ಟಿರುತ್ತದೆ. ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ಮಾಡುತ್ತಾಳೆ.

ಕಳೆದ ವರ್ಷ ವಸಂತದಲ್ಲಿ ಅವಳು ಗಂಡ ರಾಯ್ಸ್‌ನನ್ನು ಬಿಟ್ಟು ಬಂದಳು. ಯಾಕೆ ಎಂದು ನಾನು ಕೇಳಲಿಲ್ಲ, ಕತ್ತಿನ ಮೇಲಿನ ಗುರುತು ನೋಡಿದ್ದೆ. ಬಟ್ಟೆ ತುಂಬಿದ ಒಂದು ಚೀಲದೊಂದಿಗೆ ಬಂದಿದ್ದಳು. ಅವಳೇ ಸಾಕಿದ ಬಿಸ್ಕೆಟ್ ಎಂಬ ಕಂದು ಬಣ್ಣದ ಹೆಣ್ಣುನಾಯಿ ಆ ಹೊತ್ತಿಗೆ ಹೊಲದಲ್ಲಿತ್ತು, ಕರೆದರೆ ರಾಯ್ಸ್‌ಗೆ ಎಚ್ಚರವಾಗುತ್ತದೆ ಎಂದು ಬಿಟ್ಟು ಬಂದಿದ್ದಳು. ಆ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ರಾಯ್ಸ್ ಅವಳ ಮನೆಯ ಹತ್ತಿರವಾಗಲಿ ಕೆಲಸದ ಜಾಗದ ಹತ್ತಿರವಾಗಲಿ ಬರಕೂಡದು ಎಂದು ನ್ಯಾಯಾಧೀಶರು ಆದೇಶ ಕೊಟ್ಟರು. ಆದರೂ ಸೆಪ್ಟೆಂಬರಿನಲ್ಲಿ ಅವನ ಬಿಳಿ ಟ್ರಕ್ಕು ನಮ್ಮ ಅಂಗಳದಲ್ಲಿ ಎರಡು ಸಲ ನಿಂತಿತು. ಫೋನು ಮಾಡಿದೆವು. ನಮ್ಮ ಕಡೆ ಪೊಲೀಸರೆಂದರೆ ಶೆರಿಫ್ ಕಚೇರಿಯವರು, ಅವರು ಬರುವುದಕ್ಕೆ ಇಪ್ಪತ್ತೆರಡು ನಿಮಿಷ ಬೇಕು. ರಾಯ್ಸ್ ಪ್ರತಿ ಸಲವೂ ಹದಿನೈದು ನಿಮಿಷ ನಿಂತು ಹೋದ.

ಎರಡನೆಯ ಸಲ ಅವನು ಹೋದ ಮೇಲೆ ಕೊರಿನ್ ಡಾಕ್ಟರ ಕೋಣೆಗೆ ಹೋದಳು. ನಾನು ಅಲ್ಲಿಯೇ ಸಿರಿಂಜುಗಳನ್ನು ಎಣಿಸುತ್ತಿದ್ದೆ.

"ಡಾಕ್ಟ್ರೇ, ನನ್ ಕಾರಲ್ಲಿ ಒಂದು ಸಣ್ಣ ಪಿಸ್ತೂಲಿದೆ. ಮೇಜಿನ ಡ್ರಾಯರ್‌ನಲ್ಲಿ ಇಟ್ಕೋತೀನಿ. ಬೀಗ ಹಾಕಿ ಇಡ್ತೀನಿ. ಒಪ್ಕೊಳ್ಳಿ."

ಡಾಕ್ಟರ್ ಕನ್ನಡಕ ತೆಗೆದರು. ಎಪ್ಪತ್ತು ದಾಟಿದ ಹೆಂಗಸು, ಕನ್ನಡಕ ತೆಗೆದರೆ ಉತ್ತರ ‘ಇಲ್ಲ’ ಎಂದೇ ಅರ್ಥ. "ಆಗಲ್ಲ ಚಿನ್ನ. ಓಪಲ್ ಕಾಲು ನೋಡು," ಎಂದು ನನ್ನ ಬೂಟಿನ ಕಡೆ ಕೈ ತೋರಿಸಿದರು.

"ಹಾಗಾದ್ರೆ ನಾನು ಅಕ್ಟೋಬರ್ ಮುಗಿಯೋವರೆಗೆ ಇರ್ತೀನಿ. ಆಮೇಲೆ ಕಾನ್ಸಸ್‌ನಲ್ಲಿರೋ ನಮ್ಮಕ್ಕನ ಮನೆಗೆ ಹೋಗ್ತೀನಿ. ಅಲ್ಲಿ ಕೋಳಿ ಕತ್ತರಿಸೋ ಕಾರ್ಖಾನೇಲಿ ಕೆಲಸ ಇದೆಯಂತೆ."

ಕೋಳಿ ಕತ್ತರಿಸುವುದಂತೆ. ಗಾಯವಾದ ಗುಬ್ಬಿಯನ್ನು ಅಂಗೈಯಲ್ಲಿಟ್ಟು ಮಧ್ಯಾಹ್ನವಿಡೀ ಕೂತ ಹುಡುಗಿ. ನನಗೆ ಮೈ ಉರಿದುಹೋಯಿತು, ಯಾರ ಮೇಲೆ ಎಂದೂ ತಿಳಿಯಲಿಲ್ಲ.

ಡಾಕ್ಟರ್ ಕನ್ನಡಕವನ್ನು ಮತ್ತೆ ಹಾಕಿಕೊಂಡು ಹೇಳಿದರು, "ಅಕ್ಟೋಬರ್ ಮುಗಿಯೋವರೆಗೆ ನಂಗೆ ಬಿಟ್ಟುಕೊಡು. ಗುಂಡು ಬಿಟ್ಟು ಬೇರೆ ಏನಿದೆ ಅಂತ ಹುಡುಕ್ತೀವಿ. ಸಿಗದಿದ್ರೆ ನಾನೇ ನಿನ್ ಸಾಮಾನು ಕಾರಿಗೆ ತುಂಬಿಸಿ ಕಳಿಸ್ತೀನಿ."

ಹುಡುಕಾಟ ಶುರುವಾದದ್ದು ಹೋಬರ್ಟ್‌ನಿಂದ. ಹೋಬರ್ಟ್ ನಮ್ಮ ನಾಯಿಗೂಡುಗಳನ್ನು ನೋಡಿಕೊಳ್ಳುವವನು. ಐವತ್ತೆಂಟು ವರ್ಷ, ಒಳ್ಳೆಯ ಮನಸ್ಸು, ಆದರೆ ಫೋನಿನಲ್ಲಿ ಕಂಡದ್ದೆಲ್ಲ ಅವನಿಗೆ ಬೈಬಲ್ಲು. ಮರುದಿನವೇ ಕಣಜದ ಗೂಡಿಗೆ ಹೊಡೆಯುವ ಔಷಧದ ಆರು ಡಬ್ಬಿ ತಂದು ಸಾಲಾಗಿ ಜೋಡಿಸಿದ.

"ಇಪ್ಪತ್ತಡಿ ದೂರಕ್ಕೆ ಹಾರತ್ತೆ ಓಪಲ್. ಕಣ್ಣಿಗೆ ಬಿದ್ರೆ ಮನುಷ್ಯ ಅಲ್ಲೇ ಕುಕ್ಕರಿಸ್ತಾನೆ. ದೇಶದಲ್ಲಿ ಎಷ್ಟೋ ಆಫೀಸಲ್ಲಿ ಹೆಂಗಸರು ಇದನ್ನೇ ಇಟ್ಕೊಂಡಿದಾರೆ."

"ಯಾರ್ ಹೇಳಿದ್ದು?"

"ಎಲ್ಲಾರೂ ಹೇಳ್ತಾರೆ."

ಹಿತ್ತಲಿನ ಬೇಲಿಯ ಕಂಬಕ್ಕೆ ಒಂದು ಹಳೆಯ ಟೋಪಿ ಹಾಕಿ, ಅದನ್ನು ರಾಯ್ಸ್ ಎಂದು ಕರೆದು, ಮೂವರೂ ಹೊಡೆದೆವು. ಹೋಬರ್ಟ್ ಹೇಳಿದಷ್ಟೇನೂ ದೂರ ಹಾರಲಿಲ್ಲ. ಗಾಳಿಗೆ ಅರ್ಧ ನಮ್ಮ ಮೇಲೆಯೇ ಬಂತು. ಟೋಪಿ ಒದ್ದೆಯಾಯಿತು, ಅಷ್ಟೇ. ನಕ್ಕು ಒಳಗೆ ಬಂದು ಕಾಫಿ ಕುಡಿದೆವು. ಒಂದು ಗಂಟೆಯ ಮೇಲೆ ಜಡ್ಜ್ ಎಂಬ ನಮ್ಮ ಆಸ್ಪತ್ರೆಯ ಬೆಕ್ಕು ಬಾಗಿಲ ಬಳಿ ಜೊಲ್ಲು ಸುರಿಸುತ್ತ, ಕಾಲು ಅದುರಿಸುತ್ತ ಬಿದ್ದಿತ್ತು. ಅದು ಆ ಕಂಬಕ್ಕೆ ಮೈ ಉಜ್ಜಿ, ಆಮೇಲೆ ಮೈ ನೆಕ್ಕಿಕೊಂಡಿತ್ತು. ಆ ಔಷಧ ಬೆಕ್ಕಿಗೆ ವಿಷ. ಬಂದವರಿಗೆಲ್ಲ ಅದನ್ನೇ ಬಾಯಿ ನೋಯುವಷ್ಟು ಹೇಳುವವರು ನಾವು. ಗೋಡೆಯ ಮೇಲೆ ಅದರ ಚಿತ್ರವೂ ಇದೆ. ಅದರ ಕೆಳಗೇ ನಿಂತು ನಾವು ಡಬ್ಬಿಗಳನ್ನು ಜೋಡಿಸಿದ್ದೆವು.

ಪಾತ್ರೆ ತೊಳೆಯುವ ಸೋಪಿನಲ್ಲಿ ಜಡ್ಜ್‌ನನ್ನು ಮೂರು ಸಲ ತೊಳೆದೆವು. ಡಾಕ್ಟರ್ ಸಂಜೆವರೆಗೆ ಸೂಜಿ ಹಾಕಿ ಪಕ್ಕದಲ್ಲೇ ಕೂತರು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೆಕ್ಕು ಬದುಕಿತು. ಹೋಬರ್ಟ್ ಡಬ್ಬಿಗಳನ್ನು ತನ್ನ ಟ್ರಕ್ಕಿಗೆ ಹಾಕಿಕೊಂಡು ಹೋದ, ಆಮೇಲೆ ಅವುಗಳ ಸುದ್ದಿ ಎತ್ತಲಿಲ್ಲ.

ಆಮೇಲೆ ಖಾರದ ಸ್ಪ್ರೇ ಎಂದುಕೊಂಡೆವು. ಡಾಕ್ಟರ್ ಛಾವಣಿಯ ಗಾಳಿ ಕೊಳವೆಯನ್ನು ತೋರಿಸಿ, ಇಲ್ಲಿ ಹೊಡೆದದ್ದು ಒಂದೇ ನಿಮಿಷಕ್ಕೆ ಹಿಂದಿನ ಗೂಡುಗಳಿಗೆ, ಆಪರೇಶನ್ ಮಾಡಿ ಮಲಗಿಸಿದ ಪ್ರಾಣಿಗಳ ಮೂಗಿಗೆ ಹೋಗುತ್ತದೆ ಎಂದರು. ಕೊರಿನ್ ಅದನ್ನು ಕಾರಿಗೆ ಹೋಗಿ ಬರುವಾಗ ಕೀಲಿಗೊಂಚಲಿನಲ್ಲಿ ಇಟ್ಟುಕೊಳ್ಳಲಿ, ಒಳಗೆ ಬೇಡ ಎಂದಾಯಿತು. ಕರೆಂಟು ಹೊಡೆಯುವ ಕೈ ಯಂತ್ರವೊಂದನ್ನು ಹೋಬರ್ಟ್ ಯಾರಿಂದಲೋ ತಂದು ಚಟಚಟ ಎನ್ನಿಸಿದ. ಆ ಸದ್ದಿಗೆ ಹಿಂದೆ ಇದ್ದ ಇಪ್ಪತ್ತು ನಾಯಿಗಳೂ ಒಟ್ಟಿಗೆ ಊಳಿಟ್ಟವು. ಅದೂ ಹೋಯಿತು.

"ಇನ್ನೇನು ಉಳೀತು?" ಎಂದಳು ಕೊರಿನ್. ನಗುತ್ತಲೇ ಹೇಳಿದಳು. ಅವಳ ಮೇಜಿನ ಮೇಲಿದ್ದ ಹೂಕುಂಡ ಆಗಲೇ ಒಂದು ರಟ್ಟಿನ ಪೆಟ್ಟಿಗೆಗೆ ಸೇರಿತ್ತು. ಆ ಪೆಟ್ಟಿಗೆ ಕಂಡು ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗಲೇ ನನ್ನ ತಲೆ ಸ್ವಲ್ಪ ಓಡುವುದು.

"ನಾವೇನು ದಡ್ಡರಾ?" ಎಂದೆ. "ದಿನಾ ಬೆಳಗಾದ್ರೆ ಕಚ್ಚೋಕೆ ಬರೋವನ್ನೇ ನೋಡ್ತೀವಿ. ಮೂವತ್ತು ವರ್ಷದಲ್ಲಿ ಎಷ್ಟಕ್ಕೆ ಗುಂಡು ಹೊಡ್ದಿದೀವಿ? ಕಚ್ಚೋ ನಾಯಿ ಬಂದ್ರೆ ಮೊದಲು ಏನ್ ಮಾಡ್ತೀವಿ ಹೇಳೇ."

"ನಡುವೆ ಬಾಗಿಲು ಹಾಕ್ತೀವಿ."

"ಆಮೇಲೆ?"

"ಅದಕ್ಕೆ ಹೋಗೋಕೆ ದಾರಿ ಬಿಡ್ತೀವಿ. ಗಟ್ಟಿಯಾಗಿ ಒಂದೇ ಮಾತು ಹೇಳ್ತೀವಿ." ಅಷ್ಟು ಹೇಳಿ ಅವಳು ಮುಂದಿನ ಬಾಗಿಲ ಕಡೆ ನೋಡಿದಳು.

ನಮ್ಮ ಆಸ್ಪತ್ರೆಗೆ ಎರಡು ಬಾಗಿಲು. ಹೊರಗಿನ ಬಾಗಿಲು ತೆಗೆದು ಬಂದರೆ ಒಂದು ಪುಟ್ಟ ಕೋಣೆ, ಅದಾದ ಮೇಲೆ ಗಾಜಿನ ಒಳಬಾಗಿಲು. ಒಂದು ಮುಚ್ಚುವವರೆಗೆ ಇನ್ನೊಂದನ್ನು ತೆಗೆಯುವಂತಿಲ್ಲ. ಹೆದರಿದ ನಾಯಿ ನುಗ್ಗಿ ಹೆದ್ದಾರಿಗೆ ಓಡಬಾರದು ಎಂದು ಹಾಗೆ ಕಟ್ಟಿದ್ದು. ಆ ಪುಟ್ಟ ಕೋಣೆಯ ಗೋಡೆಯಲ್ಲಿ ನೆಲಮಟ್ಟದಲ್ಲಿ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯೂ ಇದೆ. ಅದಕ್ಕೆ ಆ ಕಡೆ ಒಂದು ಬಾಗಿಲು, ಮೇಜಿನ ಕಡೆ ಒಂದು ಬಾಗಿಲು. ಆ ಕಡೆಯ ಬಾಗಿಲು ತೆರೆದೇ ಇರುತ್ತದೆ, ಅದನ್ನು ಮೇಜಿನ ಕಡೆಯಿಂದಲೇ ಎಳೆದು ಮುಚ್ಚುವುದಕ್ಕೆ ಒಂದು ಹಗ್ಗ ಕಟ್ಟಿದೆ. ಸಾಕಲಾಗದವರು ಆಸ್ಪತ್ರೆ ಮುಚ್ಚಿದ ಮೇಲೆ ಪ್ರಾಣಿಯನ್ನು ಅದರಲ್ಲಿ ಬಿಟ್ಟು ಹೋಗುತ್ತಾರೆ, ಮುಖ ತೋರಿಸದೆ. ಸೋಮವಾರ ಬೆಳಿಗ್ಗೆ ಅದರಲ್ಲಿ ಬೆಕ್ಕಿನ ಮರಿಗಳಿಲ್ಲದಿದ್ದರೆ ನಮಗೇ ಆಶ್ಚರ್ಯ.

ಡಾಕ್ಟರ್ ಒಳಬಾಗಿಲಿಗೆ ಒಡೆಯದ ದಪ್ಪ ಗಾಜು ಹಾಕಿಸಿದರು. ಮೇಜಿನ ಕೆಳಗೆ ಒಂದು ಗುಂಡಿ: ಒತ್ತಿದರೆ ಮಾತ್ರ ಆ ಬಾಗಿಲು ತೆರೆಯಬೇಕು. ಪಕ್ಕದಲ್ಲಿ ಮಾತಾಡುವುದಕ್ಕೆ ಜಾಲರಿ ಹಾಕಿದ ಕಿಂಡಿ. ಹಿಂದಿನ ಬಾಗಿಲಿಗೆ ಹೋಗುವ ದಾರಿಯಲ್ಲಿ ಇಟ್ಟಿದ್ದ ಮೇವಿನ ಮೂಟೆಗಳನ್ನು ತೆಗೆಸಿ ಓಡುವಷ್ಟು ಜಾಗ ಮಾಡಿಸಿದರು. ಹೋಬರ್ಟ್‌ಗೆ ಇಷ್ಟು ಸಾಲಲಿಲ್ಲ.

"ಹೊರಗಿನ ಬಾಗ್ಲಿಗೂ ಬೀಗ ಹಾಕ್ಸೋಣ ಡಾಕ್ಟ್ರೇ. ಒಳಗೆ ಬಂದ ತಕ್ಷಣ ಎರಡೂ ಲಾಕ್. ಇಲಿ ಥರ ಸಿಕ್ಕಾಕ್ಕೋತಾನೆ."

"ಸಿಕ್ಕಾಕ್ಕೊಂಡ ಇಲಿ ಏನ್ ಮಾಡತ್ತೆ ಹೋಬರ್ಟ್?" ಎಂದರು ಡಾಕ್ಟರ್.

ಹೋಬರ್ಟ್ ತನ್ನ ಹೆಬ್ಬೆರಳಿಗೆ ಇಲಿ ಕಚ್ಚಿದ ಹಳೆಯ ಗುರುತನ್ನು ನೋಡಿಕೊಂಡ. ಹೊರಬಾಗಿಲಿಗೆ ಎಂದೂ ಬೀಗ ಬೀಳಬಾರದು, ಬಂದವನಿಗೆ ಹೋಗುವ ದಾರಿ ಕಾಣುತ್ತಲೇ ಇರಬೇಕು ಎಂದು ತೀರ್ಮಾನವಾಯಿತು.

ಇನ್ನು ಧ್ವನಿ. ಅದು ನನ್ನ ಪಾಲಿಗೆ ಬಂತು. ಬುಧವಾರ ಮಧ್ಯಾಹ್ನ ಯಾರೂ ಬರುವುದಿಲ್ಲ, ಆಗ ಕೊರಿನ್‌ಳನ್ನು ಮೇಜಿನ ಹಿಂದೆ ನಿಲ್ಲಿಸಿ "ಅಲ್ಲೇ ನಿಲ್ಲು ಅನ್ನು, ಕಟ್ಟಡ ನಡುಗ್ಬೇಕು" ಎಂದೆ.

"ಅಲ್ಲೇ ನಿಲ್ಲು," ಎಂದಳು, ಗ್ರಂಥಾಲಯದಲ್ಲಿ ಪುಸ್ತಕ ಕೇಳುವ ಹಾಗೆ.

"ಯಾರಿಗ್ ಕೇಳ್ಸತ್ತೆ ಅದು? ಜಡ್ಜ್‌ಗೂ ಕೇಳ್ಸಿಲ್ಲ ನೋಡು."

"ಬರಲ್ಲ ಮಿಸ್ ಓಪಲ್. ಒಂಬತ್ತು ವರ್ಷ ಸದ್ದು ಮಾಡ್ದೇ ಇರೋದನ್ನ ಕಲ್ತಿದೀನಿ. ಜೋರಾಗಿ ಮಾತಾಡಿದ್ರೆ ಏನಾಗ್ತಿತ್ತು ಅಂತ ನಿಮಗೆ ಗೊತ್ತಿಲ್ಲ."

ನನಗೆ ನಾಚಿಕೆಯಾಯಿತು. ಕುರ್ಚಿ ಎಳೆದುಕೊಂಡು ಕೂತೆ. "ಯಾವತ್ತೂ ಕೂಗೇ ಇಲ್ವಾ ನೀನು? ಜೀವಮಾನದಲ್ಲಿ?"

ಅವಳು ಯೋಚಿಸಿದಳು. "ಬಿಸ್ಕೆಟ್‌ನ ಕರೆಯೋವಾಗ ಕೂಗ್ತಿದ್ದೆ. ಹೊಲದ ಆ ತುದೀಲಿ ಇರ್ತಿದ್ಲಲ್ಲ. ಗೂಡಿಗೆ ಬಾ ಅಂತ."

"ಹಾಗಿದ್ರೆ ಅದನ್ನೇ ಕೂಗು."

ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೆಯ ಸಲ "ಬಿಸ್ಕೆಟ್, ಗೂಡಿಗೆ" ಎಂದು ಕೂಗಿದಾಗ ನನ್ನ ಕೈಯಲ್ಲಿದ್ದ ಕಾಫಿ ತುಳುಕಿತು. ಹಿಂದಿನ ಗೂಡುಗಳಲ್ಲಿ ಬೊಗಳುತ್ತಿದ್ದ ನಾಯಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ಹೋಬರ್ಟ್ ಪೊರಕೆ ಹಿಡಿದು ಓಡಿಬಂದು, "ಯಾರ್ ಸತ್ರು?" ಎಂದ. ಕೊರಿನ್ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಆ ಗಂಟಲಿನಿಂದಲೇ ಮೆಲ್ಲಮೆಲ್ಲಗೆ "ನಿಲ್ಲು" ಎಂಬುದನ್ನೂ "ಹೊರಗೆ ಹೋಗು" ಎಂಬುದನ್ನೂ ಎಳೆದು ತಂದೆವು.

ಎಲ್ಲ ಸಿದ್ಧವಾಯಿತು ಎಂದುಕೊಂಡೆವು. ಪರೀಕ್ಷೆ ಮಾಡೋಣ ಎಂದು ಮುಂದಿನ ಬುಧವಾರ ಹೋಬರ್ಟ್‌ನನ್ನು ರಾಯ್ಸ್ ಮಾಡಿದೆವು. ಅವನು ಯಾವ ಹೊತ್ತಿಗೆ, ಹೇಗೆ ಬರುತ್ತಾನೆ ಎಂದು ಹೇಳಲಿಲ್ಲ. ಮೂರು ಗಂಟೆಗೆ ಹೊರಬಾಗಿಲು ತೆರೆಯಿತು. ಯಾರೋ ಒಬ್ಬ ಟೋಪಿ ಕೆಳಗೆಳೆದುಕೊಂಡು, ಬೇಟೆಯ ಕೋಟು ಹಾಕಿಕೊಂಡು, ಕಂಬಳಿಯಲ್ಲಿ ಸುತ್ತಿದ ಬೆಕ್ಕನ್ನು ಎತ್ತಿಕೊಂಡು ನಿಂತಿದ್ದ. ಬೆಕ್ಕಿನ ಬಾಲ ಜೋತುಬಿದ್ದಿತ್ತು. ಕೊರಿನ್ ಗುಂಡಿ ಒತ್ತಿದಳು. ನಾನು ಟವೆಲ್ ಹಿಡಿದು ಓಡಿದೆ. ಟೋಪಿ ತೆಗೆದರೆ ಹೋಬರ್ಟ್. ಕಂಬಳಿಯಲ್ಲಿ ಜಡ್ಜ್ ಗಡದ್ದಾಗಿ ನಿದ್ದೆ ಮಾಡುತ್ತಿತ್ತು.

"ಇಬ್ರೂ ಸತ್ರಿ," ಎಂದ ಹೋಬರ್ಟ್, ಬೇಜಾರಿನಿಂದಲೇ. "ನನ್ ಮುಖ ಒಬ್ರೂ ನೋಡ್ಲಿಲ್ಲ."

ನಿಜ. ನಾವು ಎಂದೂ ಮುಖ ನೋಡುವುದಿಲ್ಲ. ಬಾಗಿಲು ತೆರೆದರೆ ನಮ್ಮ ಕಣ್ಣು ನೇರ ಕೆಳಗೆ ಹೋಗುತ್ತದೆ, ಕೈಯಲ್ಲಿರುವುದರ ಮೇಲೆ, ಹಗ್ಗದ ತುದಿಯಲ್ಲಿರುವುದರ ಮೇಲೆ. ಉಸಿರಾಡುತ್ತಿದೆಯೇ, ಕುಂಟುತ್ತಿದೆಯೇ, ರಕ್ತ ಇದೆಯೇ. ಅಂಗಡಿಯಲ್ಲಿ ಜನ ನನ್ನನ್ನು ಮಾತಾಡಿಸಿದರೆ ಯಾರೆಂದು ತಿಳಿಯದೆ ಪೆಚ್ಚಾಗಿ ನಿಲ್ಲುತ್ತೇನೆ, ಅವರ ನಾಯಿಯ ಹೆಸರು ಹೇಳಿದರೆ ವಂಶವನ್ನೆಲ್ಲ ಒಪ್ಪಿಸುತ್ತೇನೆ. ಪ್ರಾಣಿ ಹಿಡಿದು ಬಂದ ಯಾರನ್ನೂ ಹಿಂದಕ್ಕೆ ಕಳಿಸಬಾರದು ಎಂಬುದು ಡಾಕ್ಟರ್ ಹಾಕಿದ ಮೊದಲ ನಿಯಮ, ಆ ಫಲಕಕ್ಕಿಂತ ಎಷ್ಟೋ ಹಳೆಯದು. ದಪ್ಪ ಗಾಜು, ಗುಂಡಿ, ಕಿಂಡಿ ಎಲ್ಲ ಇತ್ತು. ಒಂದು ನಿದ್ದೆ ಮಾಡುವ ಬೆಕ್ಕು ಅದನ್ನೆಲ್ಲ ದಾಟಿ ಬಂದಿತ್ತು.

ಡಾಕ್ಟರ್ ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ಕೊರಿನ್‌ಳ ಮೇಜಿಗೆ ಅಂಟಿಸಿದರು: ಮೊದಲು ಮುಖ, ಆಮೇಲೆ ನಾಯಿ. ಆ ದಿನದಿಂದ ಬಂದವರನ್ನೆಲ್ಲ ನಾವು ದುರುಗುಟ್ಟಿ ನೋಡತೊಡಗಿದೆವು. ಒಬ್ಬ ಮುದುಕಿ, "ಏನಮ್ಮಾ, ನನ್ ಮುಖಕ್ಕೂ ಔಷಧಿ ಬರೀತೀಯಾ?" ಎಂದು ಕೇಳಿಯೂಬಿಟ್ಟಳು. ಆದರೆ ಮೂವತ್ತು ವರ್ಷದ ಅಭ್ಯಾಸ ಹತ್ತು ದಿನದಲ್ಲಿ ಹೋಗುವುದಿಲ್ಲ. ನಾನು ಆಮೇಲೂ ಎರಡು ಸಲ ತಪ್ಪಿದೆ. ಕೊರಿನ್ ಒಂದು ಸಲ.

ಅಕ್ಟೋಬರ್ ಇಪ್ಪತ್ತೇಳು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಡಾಕ್ಟರ್ ಯಾರದೋ ಹೊಲಕ್ಕೆ ಹೋಗಿದ್ದರು. ಹೋಬರ್ಟ್ ಹಿಂದೆ ಪೈಪು ಬಿಟ್ಟು ಗೂಡು ತೊಳೆಯುತ್ತಿದ್ದ. ಕಾಯುವ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಕೊರಿನ್‌ಳ ಪಕ್ಕದಲ್ಲಿ ನಿಂತು ಚೀಟಿ ಹುಡುಕುತ್ತಿದ್ದಾಗ ಹೊರಬಾಗಿಲು ತೆರೆಯಿತು.

ನಾನು ಕೆಳಗೇ ನೋಡಿದೆ, ದೇವರಾಣೆ. ಹಗ್ಗದ ತುದಿಯಲ್ಲಿ ಒಂದು ಕಂದು ನಾಯಿ, ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲು, ಒಂದು ಕಿವಿ ಮಡಿಸಿದೆ. ಅಯ್ಯೋ ಎಂದುಕೊಂಡೆ. ಕೊರಿನ್‌ಳ ಕೈ ಮೇಜಿನ ಕೆಳಗೆ ಹೋಯಿತು. ಅವಳ ಬಾಯಿಂದ "ಬಿಸ್ಕೆಟ್" ಎಂಬ ಉಸಿರು ಹೊರಟಿತು. ಬೆರಳು ಗುಂಡಿಯ ಮೇಲಿತ್ತು, ನನಗೆ ಕಾಣುತ್ತಿತ್ತು.

ಆಗ ಅವಳು ತಲೆ ಎತ್ತಿದಳು.

ಗಾಜಿನ ಆಚೆ ರಾಯ್ಸ್ ನಿಂತಿದ್ದ. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚರ್ಚಿಗೆ ಹೊರಟವನ ಹಾಗಿದ್ದ. ಕೊರಿನ್ ಬೆರಳನ್ನು ಗುಂಡಿಯಿಂದ ಎತ್ತಿ, ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ನಾನು ಫೋನು ಎತ್ತಿದೆ. ಇಪ್ಪತ್ತೆರಡು ನಿಮಿಷ.

"ಕೋರೀ," ಎಂದ ಅವನು ಕಿಂಡಿಯ ಹತ್ತಿರ ಬಂದು, ಬೆಣ್ಣೆಯಂಥ ದನಿಯಲ್ಲಿ. "ಜಗಳಕ್ಕೆ ಬಂದಿಲ್ಲ ಕಣೇ. ಬಿಸ್ಕೆಟ್ ಇಲಿ ಪಾಷಾಣ ತಿಂದಿದಾಳೆ. ಎರಡು ದಿನದಿಂದ ಒಂದು ತುತ್ತು ಮುಟ್ಟಿಲ್ಲ. ನೋಡು ಹೇಗಾಗಿದಾಳೆ. ಬಾಗ್ಲು ತೆಗಿ."

ಕೊರಿನ್ ಗುಂಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ನೀವು ಯಾರನ್ನೂ ವಾಪಸ್ ಕಳ್ಸಲ್ಲ ಅಂತಾರಲ್ಲ ಊರೆಲ್ಲ. ನಿನ್ ನಾಯೀನೇ ಕಳಿಸ್ತೀಯಾ? ಸತ್ರೆ ಅದು ನಿನ್ ಮೇಲೆ."

ಅವನು ಎಷ್ಟು ಸರಿಯಾದ ಜಾಗಕ್ಕೆ ಕೈ ಹಾಕಿದ್ದ. ನನಗೇ ಬಾಗಿಲು ತೆಗೆಯಬೇಕು ಎನ್ನಿಸಿತು, ಸುಳ್ಳು ಯಾಕೆ ಹೇಳಲಿ. ಹಿಂದಿನ ಬಾಗಿಲಿಂದ ಹೋಗೋಣ ಬಾ ಎಂದು ಕೊರಿನ್‌ಳ ತೋಳು ಹಿಡಿದೆ. ಅವಳು ಕದಲಲಿಲ್ಲ.

"ನಿನ್ ಪಕ್ಕದಲ್ಲಿ ಪೆಟ್ಟಿಗೆ ಇದೆ," ಎಂದಳು. ದನಿ ಸಣ್ಣಗಿತ್ತು. "ಅದರಲ್ಲಿ ಬಿಡು. ಬಿಟ್ಟು ಹೋಗು."

"ಪೆಟ್ಟಿಗೇಲಾ?" ರಾಯ್ಸ್ ನಕ್ಕ. "ನಿನ್ ಕೈಗೇ ಕೊಡ್ತೀನಿ. ಒಳಗೆ ಬಂದು ಕೊಡ್ತೀನಿ. ಬಾಗ್ಲು ತೆಗಿ ಕೊರಿನ್."

"ಇಲ್ಲ."

ಬೆಣ್ಣೆ ಅಲ್ಲಿಗೆ ಮುಗಿಯಿತು. ಅವನು ಎರಡೂ ಮುಷ್ಟಿಯಿಂದ ಗಾಜಿಗೆ ಗುದ್ದತೊಡಗಿದ. ಕೆಟ್ಟ ಮಾತುಗಳು ಬಂದವು, ಅವನ್ನು ಇಲ್ಲಿ ಹೇಳುವುದಿಲ್ಲ. ಗಾಜು ಅದುರಿತು, ಒಡೆಯಲಿಲ್ಲ. ಗುದ್ದುವುದಕ್ಕೆ ಎರಡು ಕೈ ಬೇಕಾದದ್ದರಿಂದ ಹಗ್ಗ ಅವನ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಬಿಸ್ಕೆಟ್ ಮೂಲೆಗೆ ಸರಿದು, ಬಾಲವನ್ನು ಹೊಟ್ಟೆಯ ಕೆಳಗೆ ಮುದುರಿಕೊಂಡು ನಡುಗುತ್ತಿತ್ತು. ಕೊರಿನ್ ಅದನ್ನು ನೋಡಿದಳು. ಆಮೇಲೆ ಮೇಜಿನ ಪಕ್ಕಕ್ಕೆ ಬಂದು, ಮಂಡಿಯೂರಿ, ಪೆಟ್ಟಿಗೆಯ ಹೊರಬಾಗಿಲಿಗೆ ಕಟ್ಟಿದ್ದ ಹಗ್ಗವನ್ನು ಒಳಗಿನಿಂದ ಕೈಗೆ ಸುತ್ತಿಕೊಂಡಳು.

"ಬಿಸ್ಕೆಟ್, ಗೂಡಿಗೆ!"

ಅಂಥ ಕೂಗನ್ನು ನಾನು ಬುಧವಾರಗಳಲ್ಲಿಯೂ ಕೇಳಿರಲಿಲ್ಲ. ರಾಯ್ಸ್‌ನ ಮುಷ್ಟಿ ಗಾಳಿಯಲ್ಲೇ ನಿಂತಿತು. ಒಂಬತ್ತು ವರ್ಷ ಅವಳ ಜೊತೆ ಬದುಕಿದವನು ಆ ದನಿಯನ್ನು ಮನೆಯೊಳಗೆ ಕೇಳಿರಲಿಲ್ಲ, ಹೊಲದಲ್ಲಿ ಕೇಳಿದ್ದು ನಾಯಿ ಮಾತ್ರ. ನಾಯಿ ತಲೆ ಎತ್ತಿ, ಒಂದು ಕ್ಷಣವೂ ಯೋಚಿಸದೆ, ಹೊಟ್ಟೆ ನೆಲಕ್ಕೆ ಹಚ್ಚಿಕೊಂಡು ಅವನ ಕಾಲಿನ ಪಕ್ಕದಲ್ಲೇ ತೂರಿ ಪೆಟ್ಟಿಗೆಯೊಳಗೆ ಹೋಯಿತು. ಕೊರಿನ್ ಹಗ್ಗ ಎಳೆದಳು. ಪೆಟ್ಟಿಗೆಯ ಆ ಕಡೆಯ ಬಾಗಿಲು ಧಡ್ ಎಂದು ಬಿದ್ದು ಚಿಲಕ ಹಾಕಿಕೊಂಡಿತು.

ರಾಯ್ಸ್ ಪೆಟ್ಟಿಗೆಗೆ ಎರಡು ಸಲ ಒದ್ದ. ಕಬ್ಬಿಣ. ಅವನ ಕಾಲಿಗೇ ನೋವಾಯಿತು.

ಕೊರಿನ್ ಎದ್ದು ಗಾಜಿನ ಎದುರಿಗೆ ನಿಂತಳು. ಮುಖ ಬಿಳಿಚಿಕೊಂಡಿತ್ತು, ಧ್ವನಿ ಮಾತ್ರ ಕೆಳಗಿಳಿದಿರಲಿಲ್ಲ. "ನಿನ್ ಹಿಂದೆ ಬಾಗ್ಲು ತೆರೆದೇ ಇದೆ ರಾಯ್ಸ್. ಹೊರಗೆ ಹೋಗು. ಪೊಲೀಸ್ರು ಹೊರಟಿದಾರೆ."

ಅವನು ಆ ಪುಟ್ಟ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತ. ಅವನ ಕೈಯಲ್ಲಿ ಇನ್ನೇನೂ ಇರಲಿಲ್ಲ. ಹೆದರಿಸುವುದಕ್ಕೆ ತಂದಿದ್ದದ್ದು ಗೋಡೆಯ ಈ ಕಡೆ ಬಂದಾಗಿತ್ತು. ಅರ್ಧ ತೆರೆದಿದ್ದ ಹೊರಬಾಗಿಲಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಆ ಕಡೆ ಒಮ್ಮೆ ನೋಡಿದ, ಈ ಕಡೆ ಒಮ್ಮೆ ನೋಡಿದ, ಆಮೇಲೆ ಹೊರಟುಹೋದ.

ಸೇತುವೆ ಹತ್ತಿರ ಶೆರಿಫ್‌ನ ಕಾರು ಅವನಿಗೆ ಎದುರಾಯಿತು. ಟ್ರಕ್ಕಿನ ಸೀಟಿನ ಕೆಳಗೆ ಗುಂಡು ತುಂಬಿದ ಪಿಸ್ತೂಲು ಸಿಕ್ಕಿತಂತೆ. ಅದನ್ನು ಯಾಕೆ ಒಳಗೆ ತರಲಿಲ್ಲವೋ ತಿಳಿಯದು. ನಾಯಿಯೇ ಸಾಕು ಎಂದುಕೊಂಡಿರಬೇಕು. ನ್ಯಾಯಾಧೀಶರ ಆದೇಶ ಮುರಿದದ್ದಕ್ಕೂ ಅಂಥ ಆದೇಶವಿದ್ದವರ ಹತ್ತಿರ ಇರಬಾರದಾಗಿದ್ದ ಆ ಪಿಸ್ತೂಲಿಗೂ ಸೇರಿ ಅವನು ಈಗ ಜೈಲಿನಲ್ಲಿದ್ದಾನೆ.

ಅವನು ಹೋದದ್ದು ಖಾತ್ರಿಯಾದ ಮೇಲೆಯೇ ಕೊರಿನ್ ಪೆಟ್ಟಿಗೆಯ ಒಳಬಾಗಿಲು ತೆಗೆದದ್ದು. ಬಿಸ್ಕೆಟ್ ಮೊದಲು ಮೂಗು ಚಾಚಿತು. ಆಮೇಲೆ ಆ ನಾಯಿ ಮಾಡಿದ ಸದ್ದನ್ನು ನನಗೆ ಬರೆಯಲು ಬರುವುದಿಲ್ಲ. ಇಬ್ಬರೂ ನೆಲದ ಮೇಲೆ ಒಂದಾಗಿ ಬಿದ್ದಿದ್ದರು. ನಾನು ಅತ್ತೆ, ಬಿಕ್ಕಿಬಿಕ್ಕಿ ಅತ್ತೆ, ಅರವತ್ತೊಂದು ವರ್ಷದ ಹೆಂಗಸು. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಹೋಬರ್ಟ್ ಮೈಯೆಲ್ಲ ಒದ್ದೆಯಾಗಿ, ನೀರು ಸುರಿಯುವ ಪೈಪನ್ನು ಎಳೆದುಕೊಂಡು ಓಡಿಬಂದ.

"ಎಲ್ಲಿ ಅವ್ನು?"

"ಹೋದ ಕಣೋ. ನೀರು ನಿಲ್ಸು ಮೊದಲು, ಕಾಗದ ಎಲ್ಲ ನೆನೀತಿದೆ."

ಡಾಕ್ಟರ್ ಬಂದು ಬಿಸ್ಕೆಟ್‌ಳನ್ನು ಮೂಗಿನಿಂದ ಬಾಲದವರೆಗೆ ನೋಡಿದರು. ರಕ್ತ ತೆಗೆದು ಪರೀಕ್ಷಿಸಿದರು. ಇಲಿ ಪಾಷಾಣವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಹಸಿವು, ಉಣ್ಣಿ, ಕಿವಿಯಲ್ಲಿ ಕೀವು. ಎರಡು ತಿಂಗಳು ಚೆನ್ನಾಗಿ ತಿಂದರೆ ಸರಿಹೋಗುತ್ತದೆ ಎಂದರು. ಹೋಬರ್ಟ್ ಆಗಲೇ ತನ್ನ ಮಧ್ಯಾಹ್ನದ ಬುತ್ತಿಯಲ್ಲಿದ್ದ ಹಂದಿಮಾಂಸವನ್ನು ಅದರ ಮುಂದೆ ಇಟ್ಟಿದ್ದ, ಡಾಕ್ಟರಿಗೆ ಕಾಣದ ಹಾಗೆ.

"ಡ್ರಾಯರ್‌ನಲ್ಲಿ ಪಿಸ್ತೂಲಿದ್ದಿದ್ರೆ ತೆಗೀತಿದ್ಯಾ?" ಎಂದು ನಾನು ಕೊರಿನ್‌ಳನ್ನು ಕೇಳಿದೆ. ಕೇಳಬಾರದಿತ್ತೇನೋ, ನನ್ನ ಬಾಯಿ ಹಾಗೆ.

ಅವಳು ಬಿಸ್ಕೆಟ್‌ಳ ಕಿವಿ ಒರೆಸುತ್ತ ಯೋಚಿಸಿದಳು. "ತೆಗೀತಿದ್ದೆ ಮಿಸ್ ಓಪಲ್. ಅವನು ಗುದ್ದೋಕೆ ಶುರು ಮಾಡಿದಾಗ್ಲೇ ತೆಗೀತಿದ್ದೆ. ಇವಳು ಅವನ ಕಾಲ ಹತ್ರಾನೇ ಇದ್ಲು."

ಅವಳು ಕಾರಿಗೆ ಹೋಗಿ, ಆಗಲೇ ತುಂಬಿಟ್ಟಿದ್ದ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ತಂದಳು. ಹೂಕುಂಡ ಹೊರಬಂತು, ಸ್ವೆಟರು ಬಂತು, ಕಾಫಿ ಲೋಟ ಬಂತು. ಒಂದೊಂದನ್ನೂ ಮೊದಲಿದ್ದ ಜಾಗದಲ್ಲೇ ಇಟ್ಟಳು. ಖಾಲಿ ಪೆಟ್ಟಿಗೆಯಲ್ಲಿ ಹಳೆಯ ಟವೆಲ್ ಹಾಸಿ ಮೇಜಿನ ಕೆಳಗೆ ಸರಿಸಿದಳು, ಬಿಸ್ಕೆಟ್ ಸುತ್ತಿಕೊಂಡು ಅದರಲ್ಲಿ ಮಲಗಿತು.

ಮೂರು ಗಂಟೆಗೆ ಹೊರಬಾಗಿಲು ತೆರೆಯಿತು. ಕೊರಿನ್‌ಳ ಭುಜ ಬಿಗಿಯಾದದ್ದು ನನಗೆ ಕಾಣಿಸಿತು. ಯಾರೋ ತೋಳಿನಲ್ಲಿ ಏನನ್ನೋ ಅವಚಿಕೊಂಡಿದ್ದರು, ಅದು ಒದ್ದಾಡುತ್ತಿತ್ತು, ನೆಲದ ಮೇಲೆ ಪುಕ್ಕ ಉದುರುತ್ತಿತ್ತು. ಕೊರಿನ್ ತಲೆ ಎತ್ತಿ ಗಾಜಿನ ಆಚೆಯ ಮುಖವನ್ನು ನೋಡಿದಳು, ಸಾವಕಾಶವಾಗಿ ನೋಡಿದಳು. ಸುಕ್ಕುಗಟ್ಟಿದ ಕೆನ್ನೆ, ಬಿಳಿ ಹುಬ್ಬು, ಗಾಬರಿಗೊಂಡ ಕಣ್ಣು. ಮಿಲ್ ರಸ್ತೆಯ ಕೊನೆಯಲ್ಲಿರುವ ಮುದುಕ ಲ್ಯೂಥರ್.

"ಬನ್ನಿ ಲ್ಯೂಥರ್," ಎಂದು ಗುಂಡಿ ಒತ್ತಿದಳು. ಆಮೇಲೆ ಕೋಳಿಯನ್ನು ನೋಡಿದಳು.